ಪಿಕಪ್ ಕೊಳ್ಳೋದಾ, ಬಾಡಿಗೆ ಗಾಡಿನೇ ಸಾಕಾ? ಮೊದಲು ಟ್ರಿಪ್ ಎಣಿಸಿ

ಬೆಳಗಿನ ಜಾವ. ಟೊಮೆಟೊ ಬಾಕ್ಸ್‌ಗಳನ್ನು ರಸ್ತೆ ಬದಿಗೆ ಜೋಡಿಸಿಟ್ಟು ಕಾಯ್ತಾ ಇದ್ದೀರಿ. ಬರ್ತೀನಿ ಅಂದಿದ್ದ ಡ್ರೈವರ್ ಫೋನ್ ಎತ್ತುತ್ತಿಲ್ಲ. ಕೊನೆಗೆ ಎತ್ತಿದವನು, "ಅಣ್ಣ, ಬೇರೆ ಲೋಡ್ ಹತ್ತಿಸ್ಬಿಟ್ಟೆ, ಇನ್ನೊಂದು ಗಂಟೆ ಆಗುತ್ತೆ" ಅಂತಾನೆ. ಕೋಲಾರದ ಮಂಡಿ ತಲುಪುವಷ್ಟರಲ್ಲಿ ಹರಾಜು ಅರ್ಧ ಮುಗಿದಿರುತ್ತೆ. ಅವತ್ತು ರಾತ್ರಿಯೇ ಮೊಬೈಲ್ ಹಿಡಿದು ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕೋಕೆ ಕೂರ್ತೀವಿ.

ಆ ಸಿಟ್ಟು ಸಹಜ. ಆದರೆ ಸಿಟ್ಟಿನಲ್ಲಿ ಅಡ್ವಾನ್ಸ್ ಕೊಡಬೇಡಿ. ಸ್ವಂತ ಗಾಡಿ ಬೇಕೋ ಬೇಡವೋ ಅನ್ನೋದನ್ನು ಗಾಡಿಯ ಬೆಲೆ ಹೇಳುವುದಿಲ್ಲ. ವರ್ಷಕ್ಕೆ ನಿಮಗೆ ಎಷ್ಟು ಟ್ರಿಪ್ ಇದೆ ಅನ್ನೋದು ಹೇಳುತ್ತದೆ.

ನಿಂತ ಗಾಡಿಗೂ ಖರ್ಚಿದೆ

ಬಹಳ ಜನ ಡೀಸೆಲ್ ಲೆಕ್ಕ ಮಾತ್ರ ಹಾಕುತ್ತಾರೆ. ಶೆಡ್ಡಿನಲ್ಲಿ ಸುಮ್ಮನೆ ನಿಂತ ಗಾಡಿಯೂ ದುಡ್ಡು ತಿನ್ನುತ್ತದೆ. ಒಂದು ಉದಾಹರಣೆ ನೋಡೋಣ. 3 ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಮಿನಿ ಟ್ರಕ್ ತಗೊಂಡಿರಿ, ಪೂರ್ತಿ ಸಾಲದಲ್ಲಿ, ಬಡ್ಡಿ ಶೇ. 13, ಅವಧಿ 5 ವರ್ಷ. ಆಮೇಲೆ ಅದನ್ನು ಒಂದೂವರೆ ಲಕ್ಷಕ್ಕೆ ಮಾರುತ್ತೀರಿ ಅಂತ ಇಟ್ಟುಕೊಳ್ಳಿ. ಒಂದು ವರ್ಷದ ಖರ್ಚು ಹೀಗೆ:

- ಗಾಡಿ ಬೆಲೆ ಇಳಿಯುವುದು: 30,000
- ಸಾಲದ ಬಡ್ಡಿ, ಸರಾಸರಿ: 22,000
- ವಿಮೆ: 18,000
- ತೆರಿಗೆ, ಎಫ್‌ಸಿ, ಎಮಿಷನ್: 7,000
- ಟೈರ್, ಬ್ಯಾಟರಿ, ಸರ್ವಿಸ್, ರಿಪೇರಿ: 20,000

ಒಟ್ಟು 97,000 ರೂಪಾಯಿ. ಇದರಲ್ಲಿ ಡೀಸೆಲ್ ಇನ್ನೂ ಸೇರಿಲ್ಲ.

ಈಗ ಒಂದು ಟ್ರಿಪ್ ತಗೊಳ್ಳಿ. ಹೋಗಿಬರೋಕೆ 60 ಕಿ.ಮೀ, ಬಾಡಿಗೆ ಗಾಡಿಗೆ 2,500 ಅಂದುಕೊಳ್ಳಿ. ಸ್ವಂತ ಗಾಡಿಯಾದರೆ ಡೀಸೆಲ್, ಟೀ-ತಿಂಡಿ ಎಲ್ಲ ಸೇರಿ 600. ಅಂದರೆ ಟ್ರಿಪ್ಪಿಗೆ ಉಳಿತಾಯ 1,900. 97,000 ವನ್ನು 1,900 ರಿಂದ ಭಾಗಿಸಿ: 51 ಬರುತ್ತದೆ. ವರ್ಷಕ್ಕೆ 51 ಟ್ರಿಪ್ ಹೊಡೆದರೆ ಗಾಡಿ ತನ್ನ ಖರ್ಚು ತಾನು ದುಡಿದಂತೆ. 20 ಟ್ರಿಪ್ ಮಾತ್ರ ಇದ್ದರೆ ವರ್ಷಕ್ಕೆ 59,000 ಕೈಯಿಂದ ಹೋಗುತ್ತದೆ. ನಿಮ್ಮ ಊರಿನ ಬಾಡಿಗೆ, ನೀವು ನೋಡಿರುವ ಗಾಡಿಯ ರೇಟು ಹಾಕಿ ಇದೇ ಲೆಕ್ಕವನ್ನು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ. ಐದು ನಿಮಿಷದ ಕೆಲಸ.

ಗಾಡಿ ಸಿಗದ ದಿನಗಳ ನಷ್ಟವನ್ನೂ ಸೇರಿಸಿ. ಹೋದ ವರ್ಷ ಎಷ್ಟು ಸಲ ಲೇಟಾಯಿತು, ಬಾಕ್ಸಿಗೆ ಎಷ್ಟು ರೇಟು ಬಿತ್ತು ಅಂತ ನೆನಪು ಮಾಡಿಕೊಂಡು ಬರೆಯಿರಿ. ಮೂರು ಸಲ ಐದೈದು ಸಾವಿರ ಹೋಗಿದ್ದರೆ ಅದು 15,000. ಸಣ್ಣ ಮೊತ್ತವಲ್ಲ, ಆದರೆ 59,000 ದ ಗುಂಡಿ ಅದರಿಂದ ಮುಚ್ಚುವುದಿಲ್ಲ.

ಯಾವ ಗಾಡಿ, ಎಷ್ಟು ಲೋಡ್?

ಟಾಟಾ ಏಸ್ ತರಹದ ಮಿನಿ ಟ್ರಕ್ ಹೊರುವುದು ಸುಮಾರು 750 ಕೆ.ಜಿ. 15 ಕೆ.ಜಿ ಟೊಮೆಟೊ ಬಾಕ್ಸ್ ಅಂದರೆ, ಖಾಲಿ ಬಾಕ್ಸಿನ ತೂಕವೂ ಸೇರಿ, 45ರ ಆಸುಪಾಸು. 80 ಬಾಕ್ಸ್ ಹಾಕಿಕೊಂಡು ಹೋಗುವವರಿದ್ದಾರೆ, ನಿಜ. ಆದರೆ ಓವರ್‌ಲೋಡಿಗೆ ದಂಡ 20,000, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಬ್ರೇಕು, ಟೈರಿನ ಗತಿ ಬೇರೆ. ಬೊಲೆರೊ ಪಿಕಪ್ ಮಾದರಿಗೆ ತಕ್ಕಂತೆ 1.3 ರಿಂದ 1.7 ಟನ್ ಹೊರುತ್ತದೆ. ಬೆಲೆಯೂ ಹಾಗೇ ಏರುತ್ತದೆ. ಒಂದು ಕೊಯ್ಲಿಗೆ 100 ಬಾಕ್ಸ್ ಬರುವವರು ಏಸ್ ತಗೊಂಡರೆ ದಿನಕ್ಕೆ ಎರಡು ಮೂರು ಸಲ ಓಡಬೇಕು ಅನ್ನೋದು ನೆನಪಿರಲಿ.

"ಈಕೋ ವ್ಯಾನ್ ತಗೊಂಡ್ರೆ ಮನೆಗೂ ಆಯ್ತು, ಹೊಲಕ್ಕೂ ಆಯ್ತು" ಅಂತ ಕೆಲವರ ಯೋಚನೆ. ಇಲ್ಲೊಂದು ಸಿಕ್ಕು ಇದೆ. ಬಿಳಿ ಬೋರ್ಡಿನ ಖಾಸಗಿ ವಾಹನದ ವಿಮಾ ಪಾಲಿಸಿಯಲ್ಲಿ ಸಾಮಾನ್ಯವಾಗಿ ಸರಕು ಸಾಗಣೆಗೆ ರಕ್ಷಣೆ ಇರುವುದಿಲ್ಲ. ಸೀಟು ಬಿಚ್ಚಿ ಬಾಕ್ಸ್ ತುಂಬಿಕೊಂಡು ಹೋಗುವಾಗ ಆಕ್ಸಿಡೆಂಟ್ ಆದರೆ ಕ್ಲೇಮ್ ತಿರಸ್ಕಾರವಾಗಬಹುದು. ಈಕೋದಲ್ಲೇ ಸರಕಿಗಾಗಿ ಕಾರ್ಗೋ ಮಾದರಿ ಬೇರೆ ಇದೆ. ವಿಮೆಯ ಖರ್ಚಿನಲ್ಲಿಯೂ ವ್ಯತ್ಯಾಸ ದೊಡ್ಡದು. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರದಲ್ಲಿ 1,000 ರಿಂದ 1,500 ಸಿಸಿ ಖಾಸಗಿ ಕಾರಿಗೆ 3,416 ರೂಪಾಯಿ, 7,500 ಕೆ.ಜಿ ಒಳಗಿನ ಗೂಡ್ಸ್ ಗಾಡಿಗೆ 16,049. ಇದರ ಮೇಲೆ ಜಿಎಸ್‌ಟಿ.

ಕಾಗದಪತ್ರದ ವಿಷಯ

ಡ್ರೈವಿಂಗ್ ಲೈಸೆನ್ಸ್ ಬಗ್ಗೆ ತಲೆಬಿಸಿ ಬೇಡ. 7,500 ಕೆ.ಜಿ ಒಳಗಿನ ಗೂಡ್ಸ್ ಗಾಡಿಯನ್ನು ಸಾಮಾನ್ಯ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡ್ ಸೇರಿ, 3,000 ಕೆ.ಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಕೆಲವು ದೊಡ್ಡ ಪಿಕಪ್‌ಗಳು ಈ ಗಡಿ ದಾಟುತ್ತವೆ, ಆರ್‌ಸಿಯಲ್ಲಿ ನೋಡಿಕೊಳ್ಳಿ.

ಎಫ್‌ಸಿ ಮಾತ್ರ ಬೇಕೇ ಬೇಕು. ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 9 ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವವರು ಈ ಖರ್ಚನ್ನೂ ಸೇರಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವ ಮುಂಚೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ವಿಮೆ, ತೆರಿಗೆ ಎಲ್ಲಿವರೆಗೆ ಇದೆ ನೋಡಿ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದ್ದರೆ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಫಾರಂ 29, 30 ಹಾಕಿ ಹೆಸರು ವರ್ಗಾವಣೆ ಮಾಡಿಸಿಕೊಳ್ಳುವುದನ್ನು ಮುಂದೂಡಬೇಡಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಗಾಡಿ ಬಂದ ಮೇಲೆ ಕೂಲಿಯವರನ್ನು ಹಿಂದೆ ಕೂರಿಸಿಕೊಂಡು ಹೋಗುವುದು ಅಭ್ಯಾಸವಾಗಿಬಿಡುತ್ತದೆ. ಗೂಡ್ಸ್ ಗಾಡಿಯಲ್ಲಿ ಜನ ಸಾಗಿಸುವಂತಿಲ್ಲ. ಗಾಡಿ ಪಲ್ಟಿಯಾದರೆ ಪರಿಹಾರದ ಹೊರೆ ವಿಮೆಯವರ ಬದಲು ನಿಮ್ಮ ತಲೆಗೇ ಬರಬಹುದು. ನಾಲ್ಕು ಜನರ ಬಸ್ ಚಾರ್ಜ್ ಉಳಿಸಲು ಹೋಗಿ ಅವರ ಜೀವವನ್ನೂ ನಿಮ್ಮ ಜಮೀನನ್ನೂ ಪಣಕ್ಕೆ ಇಡಬೇಡಿ.

ಹಾಗಾದರೆ ಏನು ಮಾಡೋದು?

ವರ್ಷಕ್ಕೆ 25 ಟ್ರಿಪ್ ಒಳಗಿದ್ದರೆ ಬಾಡಿಗೆಯೇ ಸರಿ. ಆದರೆ ಬಾಡಿಗೆಯನ್ನು ವ್ಯವಸ್ಥಿತವಾಗಿ ಮಾಡಿ. ಒಬ್ಬನೇ ಡ್ರೈವರ್‌ನನ್ನು ನಂಬಿ ಕೂರಬೇಡಿ, ಮೂವರ ನಂಬರ್ ಇರಲಿ. ಕೊಯ್ಲು ಶುರುವಾಗುವ ಮುಂಚೆಯೇ ಇಡೀ ಸೀಸನ್ನಿಗೆ ಮಾತಾಡಿ. ಹಣ ಅವತ್ತೇ ಕೊಡಿ. ಬಾಕಿ ಇಡದ ರೈತನ ಲೋಡನ್ನು ಡ್ರೈವರ್ ಬಿಡುವುದಿಲ್ಲ. 20-30 ಬಾಕ್ಸ್ ಇದ್ದರೆ ಅಕ್ಕಪಕ್ಕದವರ ಜೊತೆ ಸೇರಿ, ಬಾಕ್ಸಿಗೆ ಇಷ್ಟು ಅಂತ ಹಂಚಿಕೊಂಡು ಕಳಿಸಿ.

25 ರಿಂದ 50 ಟ್ರಿಪ್ ಇದ್ದರೆ ನಡುವಿನ ದಾರಿ ಇದೆ. ಒಂದೇ ಮಂಡಿಗೆ ಹೋಗುವ ಇಬ್ಬರು ಮೂವರು ಸೇರಿ ಗಾಡಿ ತಗೊಳ್ಳಬಹುದು. ಆರ್‌ಸಿ ಯಾರ ಹೆಸರಲ್ಲಿ, ಇಬ್ಬರಿಗೂ ಒಂದೇ ದಿನ ಬೇಕಾದರೆ ಯಾರು ಮೊದಲು, ರಿಪೇರಿ ಖರ್ಚು ಯಾರದು, ಒಬ್ಬ ಬಿಟ್ಟರೆ ಲೆಕ್ಕ ಹೇಗೆ, ಇಷ್ಟನ್ನೂ ಮೊದಲೇ ಬರೆದಿಡಿ. ಅಣ್ಣತಮ್ಮಂದಿರಾದರೂ ಸರಿ, ಬರೆದಿಡಿ.

50 ದಾಟಿದರೆ, ಅಥವಾ ಖಾಲಿ ದಿನಗಳಲ್ಲಿ ಬಾಡಿಗೆಗೆ ಓಡಿಸುವ ಆಸಕ್ತಿ ನಿಮಗೇ ಇದ್ದರೆ, ಗಾಡಿ ನೋಡಿ. ಆದರೆ ಬಾಡಿಗೆ ಓಡಿಸುವುದು ಇನ್ನೊಂದು ಉದ್ಯೋಗ. ಬೆಳಿಗ್ಗೆ ಮೂರಕ್ಕೆ ಫೋನ್ ಬಂದಾಗ ಎದ್ದು ಹೋಗಬೇಕಾದವರು ನೀವೇ. ಅದೇ ದಿನ ನಿಮ್ಮ ಹೊಲಕ್ಕೆ ಔಷಧಿ ಹೊಡೆಯಬೇಕಾಗಿದ್ದರೆ ಯಾರು ಹೊಡೀತಾರೆ ಅಂತ ಮೊದಲೇ ಯೋಚಿಸಿ.

ಇವತ್ತೇ ಮೊಬೈಲ್ ನೋಟ್ಸ್‌ನಲ್ಲಿ ಒಂದು ಪಟ್ಟಿ ಶುರು ಮಾಡಿ: ದಿನಾಂಕ, ಎಷ್ಟು ಬಾಕ್ಸ್, ಎಲ್ಲಿಗೆ, ಬಾಡಿಗೆ ಎಷ್ಟು, ಗಾಡಿ ಟೈಮಿಗೆ ಬಂತಾ ಇಲ್ವಾ. ಗೊಬ್ಬರ, ಬೀಜ ತಂದ ಟ್ರಿಪ್ಪನ್ನೂ ಬರೆಯಿರಿ. ಒಂದು ಸೀಸನ್ ಮುಗಿಯುವಷ್ಟರಲ್ಲಿ ಉತ್ತರ ಆ ಪಟ್ಟಿಯಲ್ಲೇ ಇರುತ್ತದೆ. ಗಾಡಿ ಬೇಡ ಅಂತ ಬಂದರೂ ಬೇಜಾರು ಬೇಡ. ಉಳಿದ ದುಡ್ಡು ಡ್ರಿಪ್ಪಿಗೋ ಬೋರಿನ ಮೋಟರಿಗೋ ಆಗುತ್ತದೆ.