ಮೋಟಾರ್ ಸೈಕಲ್ಲಿನ ಬ್ರೇಕ್ ಕ್ಯಾಲಿಪರ್: ಮನೆಯಲ್ಲೇ ಶುಚಿ, ವ್ಯವಹಾರಕ್ಕೆ ರಕ್ಷೆ

ಸಣ್ಣ ವರ್ತಕನ ಅಂಗಡಿಯ ಮುಂದೆ ನಿಂತಿರುವ ಮೋಟಾರ್ ಸೈಕಲ್ ಅವನ ಆಸ್ತಿಪಟ್ಟಿಯಲ್ಲಿ ಒಂದು ಸಾಲು ಮಾತ್ರ. ವರ್ಷಾಂತ್ಯದಲ್ಲಿ ಅದರ ಮೇಲಿನ ಸವಕಳಿಯನ್ನು ಕಳೆದರೆ ಲೆಕ್ಕ ಮುಗಿಯಿತು. ಆದರೆ ಊರೂರು ಸುತ್ತಿ ಆರ್ಡರು ತರುವ ಮಾರಾಟಗಾರ, ವಸೂಲಿಗೆ ಹೋಗುವ ಗುಮಾಸ್ತ, ಬಿಡಿಭಾಗಗಳನ್ನು ಒಂದು ಘಟಕದಿಂದ ಮತ್ತೊಂದಕ್ಕೆ ಒಯ್ಯುವ ಹುಡುಗ, ಇವರೆಲ್ಲರ ಜೀವ ನಿಂತಿರುವುದು ಆ ವಾಹನದ ಬ್ರೇಕಿನ ಮೇಲೆ. ಬ್ರೇಕಿನ ಸವೆತವನ್ನು ಯಾವ ಖಾತೆ ಪುಸ್ತಕವೂ ತೋರಿಸುವುದಿಲ್ಲ.

ಎಂಜಿನ್ ಆಯಿಲ್ ಬದಲಾಯಿಸುವುದನ್ನು ಮರೆಯದ ಅನೇಕ ಮಾಲೀಕರು ಕ್ಯಾಲಿಪರಿನ ಕಡೆ ನೋಡುವುದು ಬ್ರೇಕ್ ಕಿರುಗುಟ್ಟಿದಾಗ ಮಾತ್ರ. ವಾಸ್ತವವಾಗಿ ಕ್ಯಾಲಿಪರಿನ ಹೊರಗಿನ ಶುಚಿಕಾರ್ಯವು ಒಂದು ಭಾನುವಾರದ ಬೆಳಿಗ್ಗೆ ಮನೆಯಂಗಳದಲ್ಲಿಯೇ ಮುಗಿಸಬಹುದಾದ ಕೆಲಸ.

ಕಾನೂನಿನ ದೃಷ್ಟಿ

1988ರ ಮೋಟಾರು ವಾಹನಗಳ ಅಧಿನಿಯಮದ 190ನೇ ಪ್ರಕರಣವನ್ನು ಪ್ರತಿಯೊಬ್ಬ ವರ್ತಕನೂ ಒಮ್ಮೆ ಗಮನಿಸುವುದು ಒಳಿತು. ಅಪಾಯಕಾರಿ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ಅದರಂತೆ ಹೊಣೆಗಾರ. ದೋಷವು ಅವನಿಗೆ ತಿಳಿದಿರಲೇಬೇಕೆಂದಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯಬಹುದಾಗಿತ್ತು ಎಂಬಷ್ಟೇ ಸಾಕು. ಇದಕ್ಕೆ ದಂಡವುಂಟು, ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದಲ್ಲಿ ಸೆರೆವಾಸಕ್ಕೂ ಅವಕಾಶವಿದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ಇಲ್ಲಿ ರಕ್ಷೆಯಾಗದು.

ಕ್ಯಾಲಿಪರ್ ಕೆಲಸ ಮಾಡುವ ಬಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ವಾಹನಗಳ ಕಾಲದಲ್ಲಿ ಡ್ರಮ್ ಬ್ರೇಕೇ ರೂಢಿಯಾಗಿತ್ತು. ಜಪಾನಿನ ಹೋಂಡಾ ಸಂಸ್ಥೆಯು 1969ರಲ್ಲಿ ಸಿಬಿ750 ವಾಹನಕ್ಕೆ ಮುಂಭಾಗದಲ್ಲಿ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಅಳವಡಿಸಿತು. ನಮ್ಮ ದೇಶದಲ್ಲಿ 1999ರ ಹೀರೋ ಹೋಂಡಾ ಸಿಬಿಝಡ್‌ನಂತಹ ವಾಹನಗಳು ಬಂದ ಬಳಿಕ ಡಿಸ್ಕ್ ಬ್ರೇಕ್ ಜನಸಾಮಾನ್ಯರಿಗೆ ಪರಿಚಿತವಾಯಿತು. 2019ರ ಏಪ್ರಿಲ್ 1ರಿಂದ 125 ಸಿ.ಸಿ.ಗಿಂತ ಹೆಚ್ಚಿನ ಸಾಮರ್ಥ್ಯದ ಹೊಸ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್. ಕಡ್ಡಾಯವಾಯಿತು.

ಇದರ ತತ್ತ್ವ ಸರಳ. ಸವಾರನು ಲಿವರ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಒತ್ತಡಕ್ಕೆ ಒಳಗಾಗುತ್ತದೆ. ಪಾಸ್ಕಲ್‌ನ ನಿಯಮದಂತೆ ಆ ಒತ್ತಡ ಕ್ಯಾಲಿಪರಿನಲ್ಲಿಯೂ ಸಮನಾಗಿರುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ 1 ಚದರ ಸೆಂ.ಮೀ., ಕ್ಯಾಲಿಪರಿನದು 7 ಚದರ ಸೆಂ.ಮೀ. ಎಂದಿಟ್ಟುಕೊಂಡರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಬಲ 7 ಪಟ್ಟಾಗುತ್ತದೆ.

ಲಿವರ್ ಬಿಟ್ಟಾಗ ಪಿಸ್ಟನ್ ಹಿಂದೆ ಸರಿಯುವುದು ಯಾವುದೇ ಸ್ಪ್ರಿಂಗಿನಿಂದಲ್ಲ. ಅದರ ಸುತ್ತ ಕುಳಿತಿರುವ ರಬ್ಬರ್ ಸೀಲ್, ಒತ್ತಡದಲ್ಲಿ ಸ್ವಲ್ಪ ಬಾಗಿ, ಒತ್ತಡ ಇಳಿದೊಡನೆ ಮೊದಲಿನ ಆಕಾರಕ್ಕೆ ಮರಳುವಾಗ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪಿಸ್ಟನ್ನಿನ ಮೇಲೆ ಧೂಳು, ಕಿಲುಬು ಹತ್ತಿದರೆ ಈ ಸೂಕ್ಷ್ಮ ಚಲನೆ ನಿಲ್ಲುತ್ತದೆ. ಆಗ ಪ್ಯಾಡ್ ಸದಾ ಡಿಸ್ಕನ್ನು ಉಜ್ಜುತ್ತಿರುತ್ತದೆ. ಪೆಟ್ರೋಲ್ ವ್ಯರ್ಥವಾಗುತ್ತದೆ, ಪ್ಯಾಡ್ ಬೇಗ ಸವೆಯುತ್ತದೆ, ಬ್ರೇಕ್ ಆಯಿಲ್ ಕಾಯುತ್ತದೆ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿದರೆ ಲಿವರ್ ಮೆತ್ತಗಾಗಿ, ಬೇಕಾದ ಹೊತ್ತಿನಲ್ಲಿ ಬ್ರೇಕ್ ಕೈಕೊಡುತ್ತದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಹಾಗೂ ಕೆಸರು, ಬಳ್ಳಾರಿ–ಹೊಸಪೇಟೆ ಸೀಮೆಯ ಅದಿರಿನ ಧೂಳು ಇವುಗಳ ನಡುವೆ ಓಡುವ ವಾಹನಗಳಿಗೆ ಈ ತೊಂದರೆ ಬೇಗನೆ ತಗಲುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಬೇಕಾದ ಸಾಮಗ್ರಿ ಹೆಚ್ಚಿನದೇನಲ್ಲ: ಅಳತೆಗೆ ತಕ್ಕ ಸ್ಪ್ಯಾನರ್ ಮತ್ತು ಅಲೆನ್ ಕೀ, ಹಳೆಯ ಹಲ್ಲುಜ್ಜುವ ಬ್ರಷ್, ಸೋಪಿನ ಉಗುರುಬೆಚ್ಚನೆಯ ನೀರು, ಶುಭ್ರವಾದ ಬಟ್ಟೆ, ಬ್ರೇಕಿಗೆಂದೇ ದೊರೆಯುವ ಸಿಲಿಕೋನ್ ಗ್ರೀಸ್ ಮತ್ತು ವಾಹನದೊಡನೆ ಬಂದ ಕೈಪಿಡಿ.

ವಾಹನವನ್ನು ಡಬಲ್ ಸ್ಟ್ಯಾಂಡಿನಲ್ಲಿ ಭದ್ರವಾಗಿ ನಿಲ್ಲಿಸಿ, ಡಿಸ್ಕ್ ಪೂರ್ಣ ತಣ್ಣಗಾದ ಮೇಲೆ ಕೆಲಸಕ್ಕೆ ತೊಡಗತಕ್ಕದ್ದು. ಕ್ಯಾಲಿಪರ್ ಸ್ವಸ್ಥಾನದಲ್ಲಿರುವಾಗಲೇ ಪ್ಯಾಡ್ ಪಿನ್ನನ್ನು ಸಡಿಲಿಸಿ, ಅನಂತರ ಬೋಲ್ಟುಗಳನ್ನು ಬಿಚ್ಚಬೇಕು. ಬಿಚ್ಚಿದ ಕ್ಯಾಲಿಪರನ್ನು ಅದರ ಹೋಸಿನಿಂದ ಜೋತುಬಿಡದೆ ದಾರದಿಂದ ಕಟ್ಟಿಡಬೇಕು. ಪ್ಯಾಡು, ಕ್ಲಿಪ್ಪುಗಳು ಇದ್ದ ಕ್ರಮವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆ ಸುಲಭ.

ಬ್ರೇಕಿನ ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯುಂಟು. ಒದ್ದೆ ಬಟ್ಟೆಯಿಂದ ಒರೆಸಿ, ಸೋಪಿನ ನೀರು ಮತ್ತು ಬ್ರಷ್ಷಿನಿಂದ ಕೊಳೆ ತೆಗೆಯಬೇಕು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬಳಸುವ ರೂಢಿ ಅನೇಕರಲ್ಲಿದೆ. ಇವು ಸೀಲಿನ ರಬ್ಬರನ್ನು ಉಬ್ಬಿಸಿ ಕೆಡಿಸುವುದರಿಂದ ಸರ್ವಥಾ ಸಲ್ಲವು. ಪಿಸ್ಟನ್ನಿಗೆ ಮರಳು ಕಾಗದ ತಾಗಿಸಬಾರದು.

ಪ್ಯಾಡ್ ತೆಗೆದಿರುವಾಗ ಲಿವರ್ ಒತ್ತಿದರೆ ಪಿಸ್ಟನ್ ಹೊರಕ್ಕೆ ಹಾರಿಬರಬಹುದು. ಆದುದರಿಂದ ಮನೆಯ ಇತರರಿಗೂ ಎಚ್ಚರಿಕೆ ಹೇಳಿರಬೇಕು. ಶುಚಿಯಾದ ಪಿಸ್ಟನ್ನನ್ನು ಬೆರಳಿನಿಂದ ನಿಧಾನವಾಗಿ ಹಿಂದಕ್ಕೆ ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ಆಯಿಲಿನ ಮಟ್ಟ ಏರುತ್ತದೆ. ಅದು ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಬಿದ್ದೊಡನೆ ನೀರಿನಿಂದ ತೊಳೆಯಬೇಕು.

ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಒರೆಸಿ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಬೇಕು. ಡಿಸ್ಕಿಗಾಗಲಿ ಪ್ಯಾಡಿಗಾಗಲಿ ಗ್ರೀಸಿನ ಸೋಂಕೂ ತಗಲಕೂಡದು. ಒಂದು ಪ್ಯಾಡ್ ಹೆಚ್ಚು, ಇನ್ನೊಂದು ಕಡಿಮೆ ಸವೆದಿದ್ದರೆ ಪಿನ್ ಅಥವಾ ಪಿಸ್ಟನ್ ಬಿಗಿದಿರುವ ಲಕ್ಷಣ. ಪ್ಯಾಡಿನ ಮೇಲಿನ ಸವೆತದ ಗೆರೆ ಅಳಿಸಿದ್ದಲ್ಲಿ, ಇಲ್ಲವೇ ಎಣ್ಣೆ ಕುಡಿದಿದ್ದಲ್ಲಿ, ಜೊತೆಯನ್ನೇ ಬದಲಾಯಿಸಬೇಕು.

ಮರುಜೋಡಣೆಯಲ್ಲಿ ಬೋಲ್ಟುಗಳನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ತರುವಾಯ ಎಲ್ಲಕ್ಕಿಂತ ಮುಖ್ಯವಾದ ಕ್ರಿಯೆ: ಲಿವರ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ ಬಿಡುವುದು. ಇದನ್ನು ಮರೆತು ರಸ್ತೆಗಿಳಿದವನಿಗೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ. ನಡಿಗೆಯ ವೇಗದಲ್ಲಿ ಪರೀಕ್ಷಿಸಿದ ಮೇಲಷ್ಟೇ ವಾಹನವನ್ನು ಬಳಕೆಗೆ ಬಿಡಬೇಕು.

ಕೈ ಹಾಕಬಾರದ ಕೆಲಸ

ಆಯಿಲ್ ಜಿನುಗುತ್ತಿರುವುದು, ಪಿಸ್ಟನ್ನಿನ ಮೇಲೆ ಗೀರು ಬಿದ್ದಿರುವುದು, ತಳ್ಳಿದರೂ ಪಿಸ್ಟನ್ ಸರಿಯದಿರುವುದು, ಡಿಸ್ಕಿನ ದಪ್ಪ ಅದರ ಮೇಲೆಯೇ ಕೆತ್ತಿರುವ ಕನಿಷ್ಠ ಅಳತೆಗಿಂತ ಕಡಿಮೆಯಾಗಿರುವುದು, ಇವು ಕಂಡಲ್ಲಿ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಅನುಭವಿ ಮೆಕ್ಯಾನಿಕ್ಕಿಗೆ ಒಪ್ಪಿಸತಕ್ಕದ್ದು. ಸೀಲ್ ಬದಲಾವಣೆ ಮತ್ತು ಎ.ಬಿ.ಎಸ್. ವಾಹನಗಳ ಆಯಿಲ್ ಬದಲಾವಣೆಯೂ ಈ ವರ್ಗಕ್ಕೇ ಸೇರಿದವು.

ಬ್ರೇಕ್ ಆಯಿಲಿನ ಬಗ್ಗೆಯೂ ಒಂದು ಮಾತು. ಇದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಹೀರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ಅನೇಕ ಕೈಪಿಡಿಗಳು ಸೂಚಿಸುವುದು ಈ ಕಾರಣದಿಂದಲೇ. ತೆರೆದಿಟ್ಟ ಹಳೆಯ ಬಾಟಲಿಯ ಆಯಿಲನ್ನು ಉಳಿತಾಯವೆಂದು ಬಳಸುವುದು ತಪ್ಪು ಲೆಕ್ಕಾಚಾರ.

ಲೆಕ್ಕದ ಪುಸ್ತಕದಲ್ಲಿ

ಪ್ಯಾಡ್, ಆಯಿಲ್, ಗ್ರೀಸುಗಳ ವೆಚ್ಚವು ದುರಸ್ತಿ ಮತ್ತು ನಿರ್ವಹಣೆಯ ಖಾತೆಗೆ ಸೇರುವ ರಾಜಸ್ವ ವೆಚ್ಚ. ಅದನ್ನು ವಾಹನದ ಮೌಲ್ಯಕ್ಕೆ ಕೂಡಿಸಬೇಕಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಊರಿನ ಬಿಡಿಭಾಗದ ಅಂಗಡಿಯಲ್ಲಾಗಲಿ ಕೊಂಡಾಗ ಬಿಲ್ಲು ಪಡೆಯುವುದು ಲೆಕ್ಕಕ್ಕೂ ಒಳಿತು, ನಕಲಿ ಮಾಲು ಬಂದಾಗ ಕೇಳುವುದಕ್ಕೂ ಆಧಾರ.

ಪ್ರತಿ ವಾಹನಕ್ಕೂ ಒಂದು ಚಿಕ್ಕ ಪುಸ್ತಕವಿಟ್ಟು ದಿನಾಂಕ, ಓಡಿದ ಕಿಲೋಮೀಟರ್, ಮಾಡಿದ ಕೆಲಸ, ಕಂಡ ದೋಷ, ಕೆಲಸ ಮಾಡಿದವರ ಸಹಿ ಇಷ್ಟನ್ನು ಬರೆದಿಡುವುದು ಅತ್ಯವಶ್ಯ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಶುಚಿಗೊಳಿಸುವ ಪದ್ಧತಿ ಇಟ್ಟುಕೊಂಡರೆ ವರ್ಷಕ್ಕೆ ಎರಡು ನಮೂದುಗಳು. ಕಾನೂನು ಕೇಳುವ ‘ಸಾಮಾನ್ಯ ಎಚ್ಚರಿಕೆ’ಗೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇರೊಂದಿರಲಾರದು.

ಕೆಲವು ನೂರು ರೂಪಾಯಿಗಳ ಪ್ಯಾಡನ್ನು ಸಕಾಲದಲ್ಲಿ ನೋಡದೆ ಬಿಟ್ಟರೆ ಕೆಲವು ಸಾವಿರ ರೂಪಾಯಿಗಳ ಡಿಸ್ಕ್ ಹಾಳಾಗುತ್ತದೆ. ಅಲ್ಲಿಗೇ ನಿಂತರೆ ಅದು ಹಣದ ನಷ್ಟ ಮಾತ್ರ. ಸಂಜೆ ವಸೂಲಿ ಮುಗಿಸಿ ಹೊರಟ ಗುಮಾಸ್ತ ಕ್ಷೇಮವಾಗಿ ಮನೆ ಸೇರುವುದಕ್ಕೆ ಬೆಲೆ ಕಟ್ಟಿ ಜಮೆ ಮಾಡುವ ಅಂಕಣ ಯಾವ ಪುಸ್ತಕದಲ್ಲಿಯೂ ಇಲ್ಲ. ಆ ಹೊಣೆಯನ್ನು ಮಾಲೀಕನೇ ತನ್ನ ಮೇಲೆ ಬರೆದುಕೊಳ್ಳಬೇಕು.