ನನ್ನ ಕಡಲಿಗೊಂದು ಕಿಟಕಿ

ಫಸ್ಟ್ ಸೆಮ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಿಎಚ್ ಮೀಟರ್ ಇಟ್ಟುಕೊಂಡು ಮಾಡುವ ಪ್ರಯೋಗವೊಂದಿತ್ತು. ನಾನದನ್ನು ಮಾಡಲೇ ಇಲ್ಲ. ನಾಲ್ಕು ಜನರಿಗೆ ಒಂದೇ ಮೀಟರ್. ಮುಂದೆ ನಿಂತವನು ಓದಿದ, ಹಿಂದೆ ನಿಂತವರು ಬರೆದುಕೊಂಡೆವು. ಗ್ರಾಫ್ ನೆಟ್ಟಗೆ ಬರಲಿಲ್ಲವೆಂದು ಎರಡು ರೀಡಿಂಗನ್ನು ನಾನೇ ‘ಸರಿ’ ಮಾಡಿದೆ. ರೆಕಾರ್ಡಿಗೆ ಹತ್ತಕ್ಕೆ ಹತ್ತು ಬಂತು. ನಗಬೇಡಿ, ನೀವೂ ಮಾಡಿರ್ತೀರಿ.

ಅದೇ ಪಿಎಚ್ ಮತ್ತೆ ಎದುರಾದದ್ದು ಈ ವರ್ಷ, ಶಿವಮೊಗ್ಗದ ನಮ್ಮ ಮನೆ ಹಾಲ್‌ನಲ್ಲಿ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ 100 ಲೀಟರಿನ ಟ್ಯಾಂಕ್ ತಂದು, ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಉಪ್ಪಿನ ಮಿಶ್ರಣ ಕಲಸಿದೆ. (ಅಡುಗೆ ಉಪ್ಪು ಹಾಕಿದ್ರೆ ಆಗಲ್ವೇನೋ ಅಂತ ಅಮ್ಮ ಕೇಳಿದ್ದಳು. ಆಗಲ್ಲ, ಕಡಲ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೋನೇಟ್ ಎಲ್ಲ ಇರುತ್ತೆ.) ಇನ್ನೂ ಕಾಯಬೇಕಿತ್ತು. ಆತುರ ತಡೆಯದೆ ಮೂರನೇ ವಾರಕ್ಕೇ ಒಂದು ಜೊತೆ ಕ್ಲೌನ್ ಫಿಶ್ ಬಿಟ್ಟೆ. ‘ಫೈಂಡಿಂಗ್ ನೀಮೊ’ ನೋಡಿದವರಿಗೆ ಗೊತ್ತು, ಕಿತ್ತಳೆ ಮೈಗೆ ಬಿಳಿ ಪಟ್ಟೆ.

ಉಪ್ಪುನೀರಿನ ಟ್ಯಾಂಕಿಗೆ ಪಿಎಚ್ 7.8ರಿಂದ 8.4ರೊಳಗೆ ಇದ್ದರೆ ಸಾಕು ಅಂತ ಓದಿದ್ದೆ. ಕಾಲೇಜ್ ಬಸ್ಸಿಗೆ ಹೊರಡುವ ಮುಂಚೆ, ಬೆಳಿಗ್ಗೆ ಆರಕ್ಕೆ ನೋಡಿದರೆ 7.7. ಮರುದಿನವೂ 7.7. ಮೀನುಗಳು ಆರಾಮಾಗಿ ತಿಂದು ಓಡಾಡುತ್ತಿದ್ದವು. ನಾನು ಮೀನು ನೋಡಲಿಲ್ಲ, ನಂಬರ್ ನೋಡಿದೆ. ಅಡುಗೆ ಸೋಡಾವನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ಅದು ಸೋಡಿಯಂ ಕಾರ್ಬೋನೇಟ್ ಆಗುತ್ತೆ, ಪಿಎಚ್ ಬೇಗ ಏರಿಸುತ್ತೆ. ಮೂರು ದೊಡ್ಡ ಚಮಚ ಕರಗಿಸಿ ಒಂದೇ ಸಲ ಸುರಿದೆ. ನೀರು ಸುಣ್ಣದ ತಿಳಿಯಂತೆ ಬೆಳ್ಳಗಾಯಿತು. ಮೀಟರ್ 8.6 ತೋರಿಸಿತು. ಖುಷಿಯಲ್ಲೇ ಬಸ್ ಹತ್ತಿದೆ.

ಸಂಜೆ ಬಂದಾಗ ದೊಡ್ಡ ಮೀನು ಫಿಲ್ಟರಿನ ಬಾಯಿಗೆ ಅಂಟಿಕೊಂಡಿತ್ತು. ಚಿಕ್ಕದು ಮೂಲೆಯಲ್ಲಿ ಮೇಲುಸಿರು ಬಿಡುತ್ತಿತ್ತು. ಹೊಸ ಟ್ಯಾಂಕಿನಲ್ಲಿ ಅಮೋನಿಯ ಇನ್ನೂ ಪೂರ್ತಿ ಹೋಗಿರಲಿಲ್ಲ, ಪಿಎಚ್ ಏರಿದಷ್ಟೂ ಅದರ ವಿಷವೂ ಏರುತ್ತೆ. ಜೊತೆಗೆ ಪಿಎಚ್ ಸಲೀಸಾದ ಅಳತೆಪಟ್ಟಿಯಲ್ಲ, ಲಾಗರಿದಮ್. 0.3 ವ್ಯತ್ಯಾಸ ಅಂದರೆ ಹೈಡ್ರೋಜನ್ ಅಯಾನು ದುಪ್ಪಟ್ಟು ಅಥವಾ ಅರ್ಧ. ನಾನು ಒಂದೇ ಬೆಳಗಿನಲ್ಲಿ 0.9 ಜಿಗಿಸಿದ್ದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಇಷ್ಟನ್ನೂ ಬರೆದು ಮಾರ್ಕ್ಸ್ ತಗೋತಿದ್ದೆ.

ಅವತ್ತು ರಾತ್ರಿ ಅರ್ಧದಷ್ಟು ನೀರು ಬದಲಾಯಿಸಿದೆ. ಚಿಕ್ಕದು ಉಳಿಯಿತು. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಮೊದಲು ಮೀಟರನ್ನು 7 ಮತ್ತು 10ರ ಬಫರ್ ದ್ರಾವಣದಲ್ಲಿ ಕ್ಯಾಲಿಬ್ರೇಟ್ ಮಾಡಿದೆ. ಮೀನು ಸಾಯುವವರೆಗೂ ಅದನ್ನೂ ಮಾಡಿರಲಿಲ್ಲ. ಆಮೇಲೆ ದಿನಕ್ಕೆ ನಾಲ್ಕು ಸಲ ರೀಡಿಂಗ್, ಬಂದದ್ದು ಬಂದ ಹಾಗೆ. ಲೈಟ್ ಇದ್ದಾಗ ಪಾಚಿ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತೆ, ಪಿಎಚ್ ಏರುತ್ತೆ; ರಾತ್ರಿ ಎಲ್ಲವೂ ಉಸಿರು ಬಿಡುತ್ತವೆ, ಇಳಿಯುತ್ತೆ. ಬೆಳಿಗ್ಗೆ ಆರು ಗಂಟೆಯೆಂದರೆ ದಿನದ ಅತಿ ಕಡಿಮೆ ಹೊತ್ತು. ನಾನು ಸರಿಯಾಗಿ ಅದೇ ಹೊತ್ತಿಗೆ ಅಳೆದು ಗಾಬರಿಯಾಗುತ್ತಿದ್ದೆ!

ಆದರೂ 7.7 ಯಾಕೆ ಅನ್ನೋದು ತಿಳಿಯಲಿಲ್ಲ. ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, 9 ಡಿಕೆಎಚ್ ಇತ್ತು. ಸಮುದ್ರದ ನೀರಿಗೆ ಅದು ಸಾಕಷ್ಟಾಯಿತು. ಸುಳಿವು ಸಿಕ್ಕಿದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ಹೊರಗೆ ಜಡಿಮಳೆ, ಕಿಟಕಿಗಳೆಲ್ಲ ಮುಚ್ಚಿವೆ. ಒಳಗೆ ಅರಿಶಿನ ಕುಂಕುಮಕ್ಕೆ ಬಂದ ಹದಿನೈದಿಪ್ಪತ್ತು ಹೆಂಗಸರು, ಎರಡು ದೀಪದ ಕಂಬ, ಕರ್ಪೂರ. ಮಧ್ಯಾಹ್ನ 8.0 ಇದ್ದದ್ದು ಎಲ್ಲರೂ ಹೋಗುವ ಹೊತ್ತಿಗೆ 7.7. ಲೈಟ್ ಉರೀತಾನೇ ಇತ್ತು. “ಉಸಿರು ಕಟ್ಟೋ ಹಾಗಿದೆ, ಆ ಕಿಟಕಿ ಒಂಚೂರು ತೆಗೆಯೋ ಮಗಾ” ಅಂದರು ಅಜ್ಜಿ.

ಒಂದು ಚೊಂಬು ಟ್ಯಾಂಕ್ ನೀರನ್ನು ಹೊರಗೆ ಜಗಲಿಗೆ ಒಯ್ದು, ಏರ್ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಟ್ಟೆ. 8.1! ಏನೂ ಹಾಕಿರಲಿಲ್ಲ. ಮುಚ್ಚಿದ ಹಾಲ್‌ನಲ್ಲಿ ನಾವು ಬಿಟ್ಟ ಉಸಿರು ನೀರಿಗೆ ಸೇರಿ ಕಾರ್ಬಾನಿಕ್ ಆಮ್ಲ ಆಗುತ್ತಿತ್ತು, ಅಷ್ಟೇ. ಸೊಳ್ಳೆಗೆ ಹೆದರಿ ಅಪ್ಪ ಸಂಜೆ ಆರಕ್ಕೇ ಎಲ್ಲ ಬಾಗಿಲು ಕಿಟಕಿ ಹಾಕುತ್ತಾರೆ. ನಾನು ಹುರಿದ ಸೋಡಾ ಸುರಿದದ್ದು ಆ ಉಸಿರಿನ ಮೇಲೆ.

ಟ್ಯಾಂಕಿನ ಪಕ್ಕದ ಕಿಟಕಿಗೆ ಸೊಳ್ಳೆಪರದೆ ಹೊಡೆಸಲು ಇನ್ನೂ ಎರಡು ತಿಂಗಳ ಟ್ಯೂಷನ್ ಕಾಸು ಬೇಕಾಯಿತು. ಈಗ ಸಂಜೆ 8.2, ಬೆಳಗಿನ ಜಾವ 7.9. ಉಳಿದ ಚಿಕ್ಕ ಮೀನು ಬೆಳೆಯುತ್ತಿದೆ. ಕ್ಲೌನ್ ಫಿಶ್‌ಗಳಲ್ಲಿ ದೊಡ್ಡ ಹೆಣ್ಣು ಸತ್ತರೆ ಉಳಿದ ಗಂಡೇ ಹೆಣ್ಣಾಗುತ್ತೆ. ನಮ್ಮದು ಹೆಣ್ಣಾಯಿತೋ ಇಲ್ಲವೋ ನೋಡಿದರೆ ತಿಳಿಯಲ್ಲ. ಜೊತೆಗೆ ಇನ್ನೊಂದನ್ನು ತರೋಣ ಅಂತ ಅಮ್ಮ ಹೇಳುತ್ತಿದ್ದಾಳೆ. ಅಮೋನಿಯ ಸೊನ್ನೆಗೆ ಬಂದು ಬಹಳ ದಿನವಾಯಿತು, ನನಗಿನ್ನೂ ಧೈರ್ಯ ಸಾಲುತ್ತಿಲ್ಲ.

ಮೊನ್ನೆ ರಾತ್ರಿ ಗಾಳಿಮಳೆಗೆ ಕಿಟಕಿ ಹಾಕಿದ್ದೆವು. ಬೆಳಿಗ್ಗೆ 7.7. ನೋಟ್‌ಬುಕ್ಕಿನಲ್ಲಿ ಹಾಗೇ ಬರೆದು, ಕಿಟಕಿ ತೆಗೆದು ಬಸ್ಸಿಗೆ ಹೊರಟೆ.