ಒಗೆಯೋ ಕಲ್ಲಿಗೆ ಬೆಳ್ಳಿ ಶಾಯಿ ತಡೆಯುತ್ತಾ?

ಧನುರ್ಮಾಸದಲ್ಲಿ ಬೇಲೂರು, ಹಳೇಬೀಡು ಕಡೆ ಬೆಳಗಿನ ಚಳಿ ಹೇಗಿರುತ್ತೆ ಅಂತ ಅಲ್ಲಿನವರಿಗೆ ಹೇಳಬೇಕಿಲ್ಲ. ಚೆನ್ನಕೇಶವನ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಬಂದರೆ ಮಂಡಿವರೆಗೂ ಜುಮ್ಮೆನ್ನುತ್ತದೆ. ಬೇಲೂರಿನ ನಮ್ಮ ದೊಡ್ಡಮ್ಮನಿಗೆ ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆ. ಬ್ಯಾಟರಿಯಿಂದ ಬಿಸಿಯಾಗುವ ಮಂಡಿಪಟ್ಟಿ ತಂದುಕೊಡ್ತೀನಿ ಅಂದಾಗ ಅವರು ಕೇಳಿದ್ದು ಒಂದೇ ಮಾತು: "ಅದನ್ನ ಒಗೀಬಹುದೇನೋ ಮಗಾ?"

ನನ್ನದು ಸಾಫ್ಟ್‌ವೇರ್ ಕೆಲಸ, ಬಟ್ಟೆಯದ್ದಲ್ಲ. ಆದರೂ ಓದುತ್ತಾ ಹೋದರೆ, ಇದನ್ನು ತಯಾರಿಸುವವರು ತಲೆ ಕೆಡಿಸಿಕೊಂಡಿರೋದೂ ಇದೇ ಪ್ರಶ್ನೆಗೆ.

ಇಂಥ ಕೆಲವು ಬಟ್ಟೆಗಳಲ್ಲಿ ತಂತಿಯೇ ಇರಲ್ಲ. ಬೆಳ್ಳಿಯ ಸಣ್ಣ ಚಕ್ಕೆಗಳನ್ನು ಪಾಲಿಯುರೆಥೇನ್‌ನಂಥ ಹಿಗ್ಗುವ ಅಂಟಿನಲ್ಲಿ ಕಲಸಿ, ಆ ಶಾಯಿಯಲ್ಲಿ ಗೆರೆ ಮುದ್ರಿಸುತ್ತಾರೆ. ಅರಸೀಕೆರೆಯಲ್ಲಿ ಮದುವೆಯ ತಾಂಬೂಲದ ಚೀಲಕ್ಕೆ ಹೆಸರು ಹಾಕಿಸ್ತೀವಲ್ಲ, ಅದೇ ಸ್ಕ್ರೀನ್ ಪ್ರಿಂಟಿಂಗ್. ಚಕ್ಕೆಗೆ ಚಕ್ಕೆ ತಾಗಿಕೊಂಡಿದ್ದರೆ ಕರೆಂಟು ಹರಿದು ಗೆರೆ ಬಿಸಿಯಾಗುತ್ತದೆ. ಗೆರೆಯ ರೆಸಿಸ್ಟೆನ್ಸ್ 2.5 ಓಮ್ ಇದ್ದರೆ, 5 ವೋಲ್ಟಿನ ಪವರ್ ಬ್ಯಾಂಕಿನಿಂದ 2 ಆಂಪಿಯರ್, ಅಂದರೆ 10 ವಾಟ್ ಶಾಖ.

ಕಷ್ಟ ಶುರುವಾಗೋದು ಒಗೆದಾಗ. ನೆನೆದ ನೂಲು ಉಬ್ಬುತ್ತದೆ, ಹಿಂಡಿದರೆ ಗೆರೆ ಮಡಚಿಕೊಂಡು ಬಿರುಕು ಬಿಡುತ್ತದೆ, ಚಕ್ಕೆಗಳ ನಂಟು ತಪ್ಪುತ್ತದೆ. ರೆಸಿಸ್ಟೆನ್ಸ್ 5 ಓಮ್‌ಗೆ ಏರಿದರೆ ಶಾಖ 5 ವಾಟ್‌ಗೆ ಇಳಿಯುತ್ತದೆ. ಬರೀ ತಣ್ಣಗಾದರೆ ಹೋಗಲಿ ಬಿಡಿ. ಬಿರುಕು ಒಂದೇ ಕಡೆ ಬಿದ್ದು ಗೆರೆ ಅಲ್ಲಿ ಸಣ್ಣದಾದರೆ, ಬಿಸಿಯೆಲ್ಲ ಆ ಜಾಗದಲ್ಲೇ ಸೇರಿ ಚರ್ಮ ಸುಡಬಹುದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾದವರಿಗೆ ಅದು ಗೊತ್ತೇ ಆಗಲ್ಲ. ನನಗೆ ಭಯ ಇರೋದು ಇಲ್ಲೇ.

ಅದಕ್ಕೆ ಶಾಯಿಯ ಮೇಲೆ ಕೆಳಗೆ ಪ್ಲಾಸ್ಟಿಕ್ ಪೊರೆ ಅಂಟಿಸುತ್ತಾರೆ, ಎಳೆದರೂ ತಡೆಯಲಿ ಅಂತ ಗೆರೆಯನ್ನು ಹಾವಿನ ಹಾಗೆ ಬಳುಕಿಸುತ್ತಾರೆ. ಒಳ್ಳೇದೇ. ಆದರೆ 'ವಾಷಬಲ್' ಅನ್ನೋ ಮಾತಿನ ಹಿಂದೆ ಇರೋದು ವಾಷಿಂಗ್ ಮೆಷಿನ್. ಒಗೆತದ ಪರೀಕ್ಷೆಗೆ ಬಳಸೋ ಐಎಸ್‌ಒ 6330 ಮಾನದಂಡದಲ್ಲಿ ಮೆಷಿನ್ನಿನ ನೀರಿನ ಬಿಸಿ, ಸೋಪಿನ ಪುಡಿ ಎಲ್ಲಕ್ಕೂ ಲೆಕ್ಕವಿದೆ. ನಮ್ಮ ಹಿತ್ತಲಿನ ಕಲ್ಲಿಗೆ ಎತ್ತಿ ಬಡಿಯೋದು ಅದರಲ್ಲಿಲ್ಲ!

ದೊಡ್ಡಮ್ಮನಿಗೆ ಇದನ್ನ ವಿವರಿಸೋದು ಕಷ್ಟವಾಗಲಿಲ್ಲ. ಅಸಲಿ ಜರಿಯಲ್ಲೂ ಇರೋದು ಬೆಳ್ಳಿಯೇ. ಜರಿ ಸೀರೆಯನ್ನು ಅವರು ಯಾವತ್ತೂ ಕಲ್ಲಿಗೆ ಬಡಿದವರಲ್ಲ.

ಸದ್ಯ ನಾನು ಹುಡುಕ್ತಿರೋದು ಬಿಸಿಯಾಗುವ ಭಾಗವನ್ನು ಹೊರಗೆ ತೆಗೆದು, ಹೊದಿಕೆ ಮಾತ್ರ ಒಗೆಯುವಂಥ ಪಟ್ಟಿ. ಬಿಸಿ ಹೆಚ್ಚಾದರೆ ತಾನೇ ಆಫ್ ಆಗಬೇಕು, ಟೈಮರೂ ಇರಬೇಕು. ಸಿಗುವವರೆಗೆ ದೊಡ್ಡಮ್ಮನಿಗೆ ಉಣ್ಣೆಯ ಪಟ್ಟಿಯೇ.